ಚಕ್ರ ಜಾರಿದಾಗ: ಹಳೆಯ ಪಾಠ, ಹೊಸ ಕಾರು

ಏಪ್ರಿಲ್ ತಿಂಗಳ ಸಂಜೆ. ಬೇಸಿಗೆಯುದ್ದಕ್ಕೂ ಒಣಗಿದ್ದ ಬಸವನಗುಡಿಯ ರಸ್ತೆಗಳ ಮೇಲೆ ದಪ್ಪ ಹನಿಗಳು ಬೀಳತೊಡಗುತ್ತವೆ. ಗಾಂಧಿ ಬಜಾರಿನ ಹೂವಿನವರು ಬುಟ್ಟಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದುಕೊಳ್ಳುತ್ತಾರೆ. ಸ್ಕೂಟರಿನವರು ಸಿಕ್ಕಿದ ಅಂಗಡಿಯ ಸೂರಿನಡಿಗೆ ನುಗ್ಗುತ್ತಾರೆ. ಮಣ್ಣಿನ ವಾಸನೆಗೆ ಊರೆಲ್ಲ ಹಿಗ್ಗುವ ಆ ಹತ್ತು ನಿಮಿಷಗಳೇ ವಾಹನ ಚಾಲಕರ ಪಾಲಿಗೆ ವರ್ಷದ ಅತ್ಯಂತ ಅಪಾಯದ ನಿಮಿಷಗಳಲ್ಲಿ ಸೇರಿವೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದೆ ನೇರವಾಗಿ ಸಾಗುವುದು, ಬ್ರೇಕ್ ಒತ್ತಿದರೆ ನಿಲ್ಲುವ ಬದಲು ಜಾರುವುದು ಆಗಲೇ.

ಕಾರು ಓಡಿಸುತ್ತಿರುವವಳು ಮಗಳು, ಪಕ್ಕದಲ್ಲಿ ಕುಳಿತವರು ನಿವೃತ್ತ ತಂದೆ ಎಂದುಕೊಳ್ಳೋಣ. ಚಕ್ರ ಜಾರಿದ್ದೇ ತಡ, ತಂದೆಯ ಬಾಯಿಂದ ತಾನಾಗಿಯೇ ಮಾತು ಹೊರಡುತ್ತದೆ: 'ಬ್ರೇಕ್ ಒತ್ತಿ ಹಿಡೀಬೇಡಮ್ಮಾ, ಬಿಟ್ಟು ಬಿಟ್ಟು ಒತ್ತು!' ಅಂಬಾಸಡರ್ ಅಥವಾ ಫಿಯೆಟ್ ಕಾರಿನಲ್ಲಿ ಕಲಿತ ತಲೆಮಾರಿಗೆ ಇದು ವೇದವಾಕ್ಯ. ಆ ಕಾರುಗಳ ಮಟ್ಟಿಗೆ ನಿಜವೂ ಹೌದು. ಆದರೆ ಮಗಳ ಕೈಯಲ್ಲಿರುವ ಕಾರು ಬೇರೆ. ಆ ಕಾರಿನಲ್ಲಿ ಅದೇ ಮಾತನ್ನು ಪಾಲಿಸಿದರೆ ನಿಲ್ಲಬೇಕಾದ ಜಾಗವನ್ನು ದಾಟಿ ಹೋಗುವ ಸಂಭವವೇ ಹೆಚ್ಚು.

ಒಂದು ಕಾಲದ ಒಳ್ಳೆಯ ಸಲಹೆ ಇನ್ನೊಂದು ಕಾಲಕ್ಕೆ ಕೆಟ್ಟ ಸಲಹೆಯಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕಿ ಹೊರಟರೆ ಜಟಕಾ ಗಾಡಿಯಿಂದ ಇಂದಿನ ಕಾರಿನವರೆಗಿನ, ಚಕ್ರ ಮತ್ತು ರಸ್ತೆಯ ನಂಟಿನ ಕಥೆಯೊಂದು ಬಿಚ್ಚಿಕೊಳ್ಳುತ್ತದೆ.

ಗಾಡಿಗಳಿಗಾಗಿ ಹಾಕಿದ ಬೀದಿಗಳು

ಬೆಂಗಳೂರಿನ ಹಳೆಯ ಬಡಾವಣೆಗಳು ಕಾರಿಗಾಗಿ ಹುಟ್ಟಿದವಲ್ಲ. ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗ್ ಮಾರಿ ಇಕ್ಕಟ್ಟಾದ ಪೇಟೆಯ ಜನರನ್ನು ಹೊರಗಟ್ಟಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕಿಗೆ ಅನುಕೂಲವಾಗಲೆಂದು ಅಗಲವಾದ ಮುಖ್ಯರಸ್ತೆಗಳು, ಅವನ್ನು ಲಂಬವಾಗಿ ಕತ್ತರಿಸುವ ಅಡ್ಡರಸ್ತೆಗಳು, ಎರಡೂ ಬದಿ ಸಾಲುಮರಗಳು ಇವು ಆ ಬಡಾವಣೆಗಳ ಲಕ್ಷಣ. ಎತ್ತಿನ ಗಾಡಿ, ಜಟಕಾ ಮತ್ತು ಕಾಲ್ನಡಿಗೆಯ ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡ ನಕ್ಷೆ ಅದು. ನೇರ ರಸ್ತೆ, ಥಟ್ಟನೆ ಬರುವ ಅಡ್ಡರಸ್ತೆ, ಮೂಲೆಯಲ್ಲಿ ಮನೆಯ ಕಾಂಪೌಂಡು. ಕುದುರೆಯ ನಡಿಗೆಗೆ ಇದರಿಂದ ತೊಂದರೆ ಇರಲಿಲ್ಲ.

ಜಟಕಾ ಗಾಡಿ ಈ ಊರಿನ ಬದುಕಿನಲ್ಲಿ ಎಷ್ಟು ಬೆರೆತಿತ್ತೆಂದರೆ, ಬಸವನಗುಡಿಯಲ್ಲಿ ಬಾಳಿದ ಡಿ.ವಿ.ಗುಂಡಪ್ಪನವರು 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದಲ್ಲಿ ಅದನ್ನೇ ಹೋಲಿಕೆಯಾಗಿ ಬಳಸಿಕೊಂಡರು. ಆ ಗಾಡಿಯ ಚಕ್ರ ಮರದ್ದು. ಅದರ ಸುತ್ತ ಕಬ್ಬಿಣದ ಪಟ್ಟಿ. ಕಲ್ಲಿನ ರಸ್ತೆಯ ಮೇಲೆ ಕಬ್ಬಿಣಕ್ಕೆ ಹಿಡಿತ ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಿದ್ದರೂ ಗಾಡಿ ಜಾರುವುದು ಅಪರೂಪವಾಗಿತ್ತು. ಇದಕ್ಕೆ ಕಾರಣ ವೇಗ ಕಡಿಮೆ ಎಂಬುದಷ್ಟೇ ಅಲ್ಲ. ಗಾಡಿಯಲ್ಲಿ ಎಳೆಯುವ ಕೆಲಸ ಕುದುರೆಯದು. ನೆಲವನ್ನು ಒದ್ದು ಮುಂದೆ ಸಾಗುವುದು, ತಡೆದು ನಿಲ್ಲುವುದು, ಪಕ್ಕಕ್ಕೆ ತಿರುಗುವುದು ಎಲ್ಲವೂ ಮುಖ್ಯವಾಗಿ ಗೊರಸಿನ ಹೊಣೆ. ಚಕ್ರ ಭಾರ ಹೊತ್ತು ಉರುಳಿದರೆ ಸಾಕು.

ಮೋಟಾರು ಬಂದಾಗ ಈ ಹಂಚಿಕೆ ಅಳಿಸಿಹೋಯಿತು. ಕುದುರೆಯ ನಾಲ್ಕು ಕಾಲು ಮಾಡುತ್ತಿದ್ದ ಕೆಲಸವೆಲ್ಲ ಚಕ್ರದ ಮೇಲೆ ಬಿತ್ತು. ತಳ್ಳಬೇಕಾದದ್ದು ಚಕ್ರವೇ, ನಿಲ್ಲಿಸಬೇಕಾದದ್ದು ಚಕ್ರವೇ, ತಿರುಗಿಸಬೇಕಾದದ್ದೂ ಚಕ್ರವೇ. ಒಂದು ಕಾರಿನ ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ಜಾಗ ಒಂದೊಂದೂ ಸುಮಾರು ಒಂದು ಅಂಗೈಯಷ್ಟು. ಸಾವಿರ ಕಿಲೋ ತೂಗುವ ವಾಹನದ ಭವಿಷ್ಯ ಈ ನಾಲ್ಕು ಅಂಗೈಗಳಲ್ಲಿದೆ.

ದೂಳು ಹೋಯಿತು, ಜಾರಿಕೆ ಬಂತು

ಗಾಳಿ ತುಂಬಿದ ರಬ್ಬರ್ ಚಕ್ರದ ಕಲ್ಪನೆ ಮೊದಲು ಹೊಳೆದದ್ದು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್‌ಗೆ. 1845ರಲ್ಲಿ ಆತ ಪೇಟೆಂಟ್ ಪಡೆದರೂ ಜನ ಅದನ್ನು ಮರೆತರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಸೈಕಲ್ಲಿಗಾಗಿ ಮತ್ತೆ ಕಂಡುಹಿಡಿದ. 1895ರ ಪ್ಯಾರಿಸ್-ಬೋರ್ಡೊ ಪಂದ್ಯದಲ್ಲಿ ಮಿಶೆಲಿನ್ ಸೋದರರು ಅದನ್ನು ಕಾರಿಗೆ ತೊಡಿಸಿ ಓಡಿಸಿದರು.

ಆಗಿನ ಟೈರಿನ ಮೈ ನುಣುಪು. ಒಣ ದೂಳಿನ ರಸ್ತೆಯಲ್ಲಿ ಅದು ನಡೆಯುತ್ತಿತ್ತು. ಒದ್ದೆ ರಸ್ತೆಗೆ ಬಂದರೆ ಕಾರಿನ ಹಿಂಭಾಗ ಪಕ್ಕಕ್ಕೆ ಸರಿದು ಬುಗುರಿಯಂತೆ ಸುತ್ತುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಯುರೋಪಿನಲ್ಲಿ ಮೋಟಾರಿನವರನ್ನು ಅತಿಯಾಗಿ ಹೆದರಿಸಿದ ವಿಷಯಗಳಲ್ಲಿ ಈ 'ಸೈಡ್ ಸ್ಲಿಪ್' ಒಂದು. ಉಕ್ಕಿನ ಮೊಳೆ ಬಡಿದ ಚರ್ಮದ ಪಟ್ಟಿಯನ್ನು ಟೈರಿಗೆ ಹೊದಿಸಿ ಓಡಿಸಿದವರೂ ಇದ್ದರು. 1904ರಲ್ಲಿ ಜರ್ಮನಿಯ ಕಾಂಟಿನೆಂಟಲ್ ಕಂಪೆನಿ ಅಚ್ಚು ಮೂಡಿಸಿದ ಟೈರನ್ನು ತಂದಿತು. 1908ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪೆನಿ 'ನಾನ್ ಸ್ಕಿಡ್' ಎಂಬ ಅಕ್ಷರಗಳನ್ನೇ ಟೈರಿನ ಮೈಮೇಲೆ ಉಬ್ಬಿಸಿ ಮಾರಿತು. ಇಂದು ಟೈರಿನ ಮೇಲೆ ಕಾಣುವ ಗೀರುಗಳೆಲ್ಲ ಈ ವಂಶದವೇ. ಅವು ಅಂದಕ್ಕಲ್ಲ, ನೀರಿಗೆ ದಾರಿ ಬಿಡಲು.

ಇತ್ತ ರಸ್ತೆಯೂ ಬದಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಮೆಕಾಡಂ ಹಾಕಿಕೊಟ್ಟ ಕ್ರಮದಲ್ಲಿ ಜಲ್ಲಿಯನ್ನು ಹರವಿ, ದಮ್ಮಸು ಮಾಡಿ ರಸ್ತೆ ಕಟ್ಟುತ್ತಿದ್ದರು. ಗಾಡಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಅರೆದು ಪುಡಿ ಮಾಡುತ್ತಿತ್ತು. ಆ ಪುಡಿಯೇ ಕಲ್ಲುಗಳ ಸಂದಿಯಲ್ಲಿ ಕುಳಿತು ರಸ್ತೆಯನ್ನು ಬಿಗಿಯುತ್ತಿತ್ತು. ವೇಗದ ರಬ್ಬರ್ ಟೈರು ಇದಕ್ಕೆ ವಿರುದ್ಧ. ಅದು ಪುಡಿಯನ್ನು ಸಂದಿಯಿಂದ ಎತ್ತಿ ಗಾಳಿಗೆ ತೂರಿತು. ರಸ್ತೆ ಕಿತ್ತುಬಂತು, ಊರು ದೂಳಾಯಿತು. ಇದಕ್ಕೆ ಮದ್ದಾಗಿ ಬಂದದ್ದೇ ಡಾಂಬರು. 1902ರಲ್ಲಿ ಇಂಗ್ಲೆಂಡಿನ ಎಡ್ಗರ್ ಹೂಲಿ ಡಾಂಬರು ಬೆರೆಸಿದ ಜಲ್ಲಿಗೆ ಪೇಟೆಂಟ್ ಪಡೆದ ಮೇಲೆ ಈ ಪದ್ಧತಿ ಜಗತ್ತಿಗೆಲ್ಲ ಹಬ್ಬಿತು.

ಡಾಂಬರು ದೂಳನ್ನು ಅಡಗಿಸಿತು, ವೇಗವನ್ನು ಹೆಚ್ಚಿಸಿತು. ಜೊತೆಗೆ ಹೊಸದೊಂದು ತೊಡಕನ್ನೂ ತಂದಿತು. ಮಣ್ಣಿನ ರಸ್ತೆ ಒದ್ದೆಯಾದರೆ ಕಣ್ಣಿಗೆ ಕಾಣುತ್ತದೆ, ಚಾಲಕ ತಾನಾಗಿಯೇ ನಿಧಾನಿಸುತ್ತಾನೆ. ಡಾಂಬರು ರಸ್ತೆ ಒದ್ದೆಯಾದರೂ ಅದೇ ಕಪ್ಪು, ಅದೇ ಸಮತಟ್ಟು. ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ, ಟೈರಿಗೆ ಮಾತ್ರ ತಿಳಿಯುತ್ತದೆ.

ಒಂದೇ ಸಂಬಳ, ಎರಡು ಖರ್ಚು

ಟೈರಿನ ಹಿಡಿತವನ್ನು ಮಧ್ಯಮ ವರ್ಗದ ಮನೆಯ ತಿಂಗಳ ಸಂಬಳಕ್ಕೆ ಹೋಲಿಸಬಹುದು. ಬರುವುದು ಇಷ್ಟೇ ಎಂದು ಗೊತ್ತಿದೆ. ಅದರಲ್ಲೇ ಬಾಡಿಗೆಯೂ ಹೋಗಬೇಕು, ದಿನಸಿಯೂ ಬರಬೇಕು. ತಿರುವಿನಲ್ಲಿ ಕಾರು ತಿರುಗಲು ಹಿಡಿತದ ಒಂದು ಪಾಲು ಖರ್ಚಾಗುತ್ತದೆ. ಅದೇ ಹೊತ್ತಿಗೆ ಬ್ರೇಕ್ ಒತ್ತಿದರೆ ಇನ್ನೊಂದು ಪಾಲು ಹೋಗುತ್ತದೆ. ಎರಡೂ ಸೇರಿ ಸಂಬಳವನ್ನು ಮೀರಿದರೆ ಟೈರು ಜಾರುತ್ತದೆ. ನೇರ ರಸ್ತೆಯಲ್ಲಿ ಬ್ರೇಕ್ ಹಾಕಿ ಮುಗಿಸಿ ಆಮೇಲೆ ತಿರುಗಬೇಕು ಎಂದು ಅನುಭವಿ ಚಾಲಕರು ಹೇಳುವುದು ಈ ಲೆಕ್ಕಾಚಾರದಿಂದಲೇ. ಒಂದು ಖರ್ಚು ಮುಗಿದ ಮೇಲೆ ಇನ್ನೊಂದು.

ಟೈರು ಇದ್ದಕ್ಕಿದ್ದಂತೆ ಕೈಬಿಡುವುದಿಲ್ಲ. ಸ್ಟೀರಿಂಗ್ ತಿರುಗಿಸಿದಾಗ ರಬ್ಬರ್ ನೆಲಕ್ಕೆ ಅಂಟಿಕೊಂಡೇ ಸ್ವಲ್ಪ ತಿರುಚಿಕೊಳ್ಳುತ್ತದೆ. ಚಕ್ರ ನೋಡುವ ದಿಕ್ಕಿಗೂ ಅದು ಸಾಗುವ ದಿಕ್ಕಿಗೂ ಒಂದು ಸಣ್ಣ ಕೋನ ಉಂಟಾಗುತ್ತದೆ. ಈ ಕೋನವನ್ನು ಗುರುತಿಸಿ 1925ರಲ್ಲಿ ವಿವರಿಸಿದವನು ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರೂಲಿಯೆ. ಕೋನ ಹೆಚ್ಚಿದಂತೆ ಒಂದು ಮಿತಿಯವರೆಗೆ ಹಿಡಿತವೂ ಹೆಚ್ಚುತ್ತದೆ. ಆ ಮಿತಿ ದಾಟಿದರೆ ಹಿಡಿತ ಕುಸಿಯುತ್ತದೆ. ಮಿತಿ ದಾಟಿದ ಮೇಲೆ ಸ್ಟೀರಿಂಗನ್ನು ಮತ್ತಷ್ಟು ತಿರುಗಿಸುವುದೆಂದರೆ ಸಾಲದ ಮೇಲೆ ಸಾಲ ಮಾಡಿದಂತೆ. ಗಾಬರಿಯಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ.

ಒಂದು ಸರಳ ಲೆಕ್ಕ ನೋಡಬಹುದು. ಒಳ್ಳೆಯ ಒಣ ರಸ್ತೆಯಲ್ಲಿ ಟೈರಿನ ಘರ್ಷಣಾಂಕ ಸುಮಾರು 0.75, ಒದ್ದೆ ರಸ್ತೆಯಲ್ಲಿ ಸುಮಾರು 0.45, ಎಣ್ಣೆ ಮತ್ತು ಕೆಸರು ಬೆರೆತ ಪದರದ ಮೇಲೆ 0.25 ಎಂದುಕೊಳ್ಳೋಣ. 25 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಣ ರಸ್ತೆಯಾದರೆ ಗಂಟೆಗೆ ಸುಮಾರು 49 ಕಿಲೋಮೀಟರ್ ವೇಗದವರೆಗೆ ಟೈರು ತಡೆಯುತ್ತದೆ. ಒದ್ದೆಯಾದರೆ ಮಿತಿ 38ಕ್ಕೆ ಇಳಿಯುತ್ತದೆ, ಎಣ್ಣೆಯ ಪದರವಿದ್ದರೆ 28ಕ್ಕೆ. ದಿನವೂ 40ರ ವೇಗದಲ್ಲಿ ಸಲೀಸಾಗಿ ತಿರುಗುತ್ತಿದ್ದ ಮೂಲೆ ಮಳೆಯ ದಿನ ಕೈಕೊಡುವುದು ಹೀಗೆ. ನಿಲ್ಲುವ ದೂರವೂ ಅಷ್ಟೇ. 60ರ ವೇಗದಿಂದ ನಿಲ್ಲಲು ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 19 ಮೀಟರ್ ಬೇಕಾದರೆ ಒದ್ದೆಯಲ್ಲಿ 31 ಮೀಟರ್ ದಾಟುತ್ತದೆ. ವ್ಯತ್ಯಾಸ ಹನ್ನೆರಡು ಮೀಟರ್. ರಸ್ತೆ ದಾಟುತ್ತಿರುವ ಒಬ್ಬ ವೃದ್ಧರ ಜೀವ ಆ ಹನ್ನೆರಡು ಮೀಟರಿನೊಳಗೆ ಇರಬಹುದು.

ಮೊದಲ ಮಳೆಯೇ ಏಕೆ ಹೆಚ್ಚು ಅಪಾಯ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಬೆಂಗಳೂರಿನಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ ತೀರ ಕಡಿಮೆ. ಆ ತಿಂಗಳುಗಳಲ್ಲಿ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಸವೆದ ಟೈರಿನ ಪುಡಿ, ಮಣ್ಣು ಇವೆಲ್ಲ ರಸ್ತೆಯ ಮೇಲೆ ಪದರವಾಗಿ ಕೂರುತ್ತವೆ. ನಾಲ್ಕು ಹನಿ ಬಿದ್ದೊಡನೆ ಅದು ಲೋಳೆಯಾಗುತ್ತದೆ. ಜೋರು ಮಳೆ ಸುರಿದು ರಸ್ತೆ ತೊಳೆದುಹೋದ ಮೇಲೆ ಪರಿಸ್ಥಿತಿ ಸುಧಾರಿಸುತ್ತದೆ. ತುಂತುರು ಮಳೆಯನ್ನು ಹಗುರವಾಗಿ ಕಾಣುವವರು ಇದನ್ನು ನೆನಪಿಡಬೇಕು.

ಹಳೆಯ ಬಡಾವಣೆಗಳಲ್ಲಿ ಇದಕ್ಕೆ ಮರಗಳ ಕೊಡುಗೆಯೂ ಸೇರುತ್ತದೆ. ಮಲ್ಲೇಶ್ವರದ ಸಂಪಿಗೆ ರಸ್ತೆ, ಬೇವಿನ ಮರದ ಇಂಗ್ಲಿಷ್ ಹೆಸರು ಹೊತ್ತ ಮಾರ್ಗೋಸಾ ರಸ್ತೆ ಇವು ಮರಗಳಿಂದಲೇ ಹೆಸರು ಪಡೆದವು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ಊರಿನ ಬೀದಿಗಳಿಗೆ ಮರಗಳನ್ನು ಆರಿಸಿದ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆಯ ಹೂ ರಸ್ತೆಯ ಮೇಲೆ ಹಾಸಿದಂತೆ ಉದುರುತ್ತದೆ. ನೋಡಲು ಚೆಂದ. ಮಳೆ ಬಿದ್ದ ಮೇಲೆ ಅದೇ ಹೂವು, ಅದೇ ತರಗೆಲೆ ಟೈರಿಗೂ ಡಾಂಬರಿಗೂ ನಡುವೆ ಒದ್ದೆ ಕಾಗದದಂತೆ ಸಿಕ್ಕಿಕೊಳ್ಳುತ್ತದೆ. ಮರ ಕಡಿಯುವುದು ಇದಕ್ಕೆ ಪರಿಹಾರವಲ್ಲ. ಮರದಡಿಯ ತಿರುವಿನಲ್ಲಿ ನಿಧಾನಿಸುವುದು ಪರಿಹಾರ.

ಅಂಬಾಸಡರ್ ಕಲಿಸಿದ ಪಾಠ

ಈಗ ತಂದೆಯ ಮಾತಿಗೆ ಬರೋಣ. 1950ರ ದಶಕದ ಕೊನೆಯಲ್ಲಿ ರಸ್ತೆಗಿಳಿದ ಅಂಬಾಸಡರ್, ಅದರ ಜೊತೆಗಾರ ಫಿಯೆಟ್ (ಮುಂದೆ ಇದೇ ಪ್ರೀಮಿಯರ್ ಪದ್ಮಿನಿ) ಮೂರು ದಶಕಗಳ ಕಾಲ ಭಾರತದ ರಸ್ತೆಗಳನ್ನು ಆಳಿದವು. ಎರಡರಲ್ಲೂ ಎಂಜಿನ್ ಮುಂದೆ. ಎಂಜಿನ್ನಿನ ಶಕ್ತಿ ಹೋಗುತ್ತಿದ್ದುದು ಮಾತ್ರ ಹಿಂದಿನ ಚಕ್ರಗಳಿಗೆ. ಅಂಬಾಸಡರಿನಲ್ಲಿ ಬಹುಕಾಲ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇತ್ತು. ಟೈರು ನೂಲಿನ ಪದರಗಳನ್ನು ಅಡ್ಡಡ್ಡ ಹೆಣೆದ ಹಳೆಯ ಬಗೆಯದು. ಕಾರು ದುಬಾರಿಯಾಗಿದ್ದ, ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಟೈರನ್ನು ಪೂರ್ತಿ ಸವೆಯುವವರೆಗೆ ಓಡಿಸಿ, ಅದಕ್ಕೆ ಹೊಸ ರಬ್ಬರ್ ಹೊದಿಸಿ ಮತ್ತೆ ಓಡಿಸುವುದು ಮನೆಮಾತಾಗಿತ್ತು. ಚಾಮರಾಜಪೇಟೆಯ ಮಗ್ಗುಲಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆಗಳು ಮೋಟಾರು ಬಿಡಿಭಾಗಗಳ ಪೇಟೆಯಾಗಿ ಬೆಳೆದವು.

ಇಂಥ ಕಾರಿನಲ್ಲಿ ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಹೆಚ್ಚು ಒತ್ತಿದರೆ ಜಾರುತ್ತಿದ್ದುದು ಹಿಂದಿನ ಚಕ್ರ. ಕಾರಿನ ಬಾಲ ಹೊರಕ್ಕೆ ಸರಿಯುತ್ತಿತ್ತು. ಅದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ: ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆ, ಬ್ರೇಕ್ ಮುಟ್ಟಬೇಡ, ಬಾಲ ಸರಿದ ಕಡೆಗೆ ಸ್ಟೀರಿಂಗ್ ತಿರುಗಿಸು, ಕಾರು ನೇರವಾಗುತ್ತಲೇ ಸ್ಟೀರಿಂಗನ್ನೂ ನೇರ ಮಾಡು. ಬಾಲ ಬಲಕ್ಕೆ ಸರಿದರೆ ಸ್ಟೀರಿಂಗ್ ಬಲಕ್ಕೆ. ಕೇಳಲು ವಿಚಿತ್ರವೆನಿಸಿದರೂ ಅರ್ಥ ಸರಳ. ಮುಂದಿನ ಚಕ್ರಗಳು ಕಾರು ಹೋಗಬೇಕಾದ ದಿಕ್ಕನ್ನೇ ನೋಡುತ್ತಿರಬೇಕು. ನೇರ ಮಾಡಲು ತಡವಾದರೆ ಬಾಲ ಇನ್ನೊಂದು ಕಡೆಗೆ ಚಾಟಿಯಂತೆ ಬೀಸುತ್ತದೆ. ಎರಡನೆಯ ಬೀಸು ಮೊದಲಿನದಕ್ಕಿಂತ ಕೆಟ್ಟದ್ದು.

ಬ್ರೇಕಿನ ಪಾಠವೂ ಹೀಗೇ ಹುಟ್ಟಿತು. ಬ್ರೇಕನ್ನು ಬಲವಾಗಿ ಒತ್ತಿದರೆ ಚಕ್ರ ಸುತ್ತುವುದನ್ನೇ ನಿಲ್ಲಿಸಿ ಕಲ್ಲಿನಂತೆ ಜಾರುತ್ತದೆ. ಉರುಳುವ ಚಕ್ರ ಮಾತ್ರ ದಿಕ್ಕನ್ನು ಕೇಳುತ್ತದೆ, ಜಾರುವ ಚಕ್ರ ಕೇಳುವುದಿಲ್ಲ. ಆಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ವ್ಯರ್ಥ. ಆದ್ದರಿಂದ ಒತ್ತು, ಚಕ್ರ ಬಿಗಿದುಕೊಂಡರೆ ಬಿಡು, ಮತ್ತೆ ಒತ್ತು. ಚಕ್ರಕ್ಕೆ ಮಧ್ಯೆ ಮಧ್ಯೆ ಉರುಳಲು ಅವಕಾಶ ಕೊಡುವ ಈ ಕ್ರಮ ಆ ಕಾರುಗಳಲ್ಲಿ ಅನೇಕರ ಜೀವ ಉಳಿಸಿದೆ. ತಂದೆಯ ಮಾತಿನ ಹಿಂದೆ ಇರುವುದು ಇಂಥ ಅನುಭವ.

ಮಾರುತಿ ತಂದ ತಿರುವು

1983ರ ಡಿಸೆಂಬರ್ ತಿಂಗಳಲ್ಲಿ ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದರು. ಪುಟ್ಟ ಕಾರು, 796 ಸಿಸಿ ಎಂಜಿನ್, ಕಡಿಮೆ ತೂಕ. ಜನ ಗಮನಿಸಿದ್ದು ಇವನ್ನು. ಹೆಚ್ಚಿನವರು ಗಮನಿಸದೆ ಹೋದ ಸಂಗತಿ, ಅದರ ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು ಎಂಬುದು. ಬಸವನಗುಡಿ, ಮಲ್ಲೇಶ್ವರಗಳ ಮನೆಗಳ ಮುಂದೆ ಅಂಬಾಸಡರ್ ನಿಲ್ಲುತ್ತಿದ್ದ ಜಾಗಕ್ಕೆ ಮಾರುತಿ ಬಂದಾಗ ಜಾರುವಿಕೆಯ ಗುಣವೇ ಬದಲಾಗಿತ್ತು.

ಮುಂದಿನ ಚಕ್ರಗಳಿಗೆ ಈಗ ತಿರುಗಿಸುವ ಕೆಲಸದ ಜೊತೆಗೆ ಎಳೆಯುವ ಕೆಲಸವೂ ಸೇರಿತು. ಸಂಬಳ ಅಷ್ಟೇ, ಖರ್ಚು ಹೆಚ್ಚು. ಇಂಥ ಕಾರನ್ನು ತಿರುವಿನಲ್ಲಿ ಅತಿ ವೇಗವಾಗಿ ಓಡಿಸಿದರೆ ಸಾಮಾನ್ಯವಾಗಿ ಮೊದಲು ಸೋಲುವುದು ಮುಂದಿನ ಚಕ್ರ. ಬಾಲ ಬೀಸುವುದಿಲ್ಲ. ಸ್ಟೀರಿಂಗ್ ತಿರುಗಿದ್ದರೂ ಕಾರು ಮೂಗು ಮುಂದೆ ಮಾಡಿಕೊಂಡು ತಿರುವಿನ ಹೊರಬದಿಗೆ ಸಾಗುತ್ತದೆ. ಸ್ಟೀರಿಂಗ್ ಕೈಯಲ್ಲಿ ಹಗುರವೆನಿಸುತ್ತದೆ.

ಇಲ್ಲಿ ಬಾಲದ ಕಡೆಗೆ ತಿರುಗಿಸು ಎಂಬ ಹಳೆಯ ಸೂತ್ರಕ್ಕೆ ಅರ್ಥವೇ ಇಲ್ಲ, ಏಕೆಂದರೆ ಬಾಲ ಜಾರಿಲ್ಲ. ಮಾಡಬೇಕಾದದ್ದು ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆಯುವುದು, ಸ್ಟೀರಿಂಗನ್ನು ಇನ್ನಷ್ಟು ತಿರುಗಿಸದೆ ಕೊಂಚ ಸಡಿಲಿಸುವುದು. ವೇಗ ಇಳಿದು ಭಾರ ಮುಂದಿನ ಚಕ್ರಗಳ ಮೇಲೆ ಕೂತಾಗ ಹಿಡಿತ ಮರಳುತ್ತದೆ. ಆಗ ಕಾರು ಮತ್ತೆ ತಿರುಗುತ್ತದೆ. 'ಮೆಲ್ಲಗೆ' ಎಂಬ ಮಾತಿಗೆ ಮಹತ್ವವಿದೆ. ತಿರುವಿನ ನಡುವೆ ಕಾಲನ್ನು ಥಟ್ಟನೆ ತೆಗೆದರೆ ಹಿಂದಿನ ಚಕ್ರಗಳ ಮೇಲಿನ ಭಾರ ಕಳೆದು, ಮುಂದಿನ ಚಕ್ರ ಎಳೆಯುವ ಕಾರಿನಲ್ಲೂ ಬಾಲ ಜಾರುವುದುಂಟು.

ಟೈರಿನಲ್ಲೂ ಬದಲಾವಣೆ ಬಂತು. ಮಿಶೆಲಿನ್ ಕಂಪೆನಿ 1940ರ ದಶಕದಲ್ಲೇ ತಂದಿದ್ದ ರೇಡಿಯಲ್ ಟೈರು ಭಾರತದ ಕಾರುಗಳಲ್ಲಿ ನಿಧಾನವಾಗಿ ಹಳೆಯ ಬಗೆಯನ್ನು ಹಿಂದಕ್ಕೆ ತಳ್ಳಿತು. ರೇಡಿಯಲ್ ಟೈರಿನ ಮೈ ನೆಲಕ್ಕೆ ಚೆನ್ನಾಗಿ ಒತ್ತಿ ಕೂರುವುದರಿಂದ ಹಿಡಿತ ಹೆಚ್ಚು. ಆದರೆ ಹಳೆಯ ಟೈರು ಸೋಲುವ ಮುನ್ನ ಬಹಳ ಹೊತ್ತು ಎಚ್ಚರಿಸುತ್ತಿತ್ತು. ರೇಡಿಯಲ್ ಹೆಚ್ಚು ಹೊತ್ತು ತಡೆದು, ಸೋತಾಗ ಬೇಗ ಸೋಲುತ್ತದೆ. ಹೀಗೆ ಕಾರು ಒಳ್ಳೆಯದಾದಂತೆಲ್ಲ ಮಿತಿ ದೂರ ಹೋಯಿತು. ಮಿತಿಯ ಪರಿಚಯವೂ ಚಾಲಕನಿಗೆ ತಪ್ಪಿತು.

ಡ್ರೈವಿಂಗ್ ಶಾಲೆಗಳಲ್ಲಿ ಕಲಿತು ಆರ್‌ಟಿಒ ಮೈದಾನದಲ್ಲಿ 'ಎಂಟು' ಹಾಕಿ ಲೈಸೆನ್ಸ್ ಪಡೆದವರಿಗೆ ಟೈರು ಜಾರುವ ಅನುಭವ ಆಗುವುದೇ ಇಲ್ಲ. ಅಷ್ಟು ನಿಧಾನವಾದ ವೇಗದಲ್ಲಿ ಟೈರಿನ ಮಿತಿ ಹತ್ತಿರವೂ ಬರುವುದಿಲ್ಲ. ಮೊದಲ ಸಲ ಜಾರುವುದು ನಿಜವಾದ ರಸ್ತೆಯಲ್ಲಿ, ನಿಜವಾದ ಜನರ ನಡುವೆ.

ಕಾಲಿನ ಕೆಲಸ ಯಂತ್ರಕ್ಕೆ

ಬಿಟ್ಟು ಬಿಟ್ಟು ಬ್ರೇಕ್ ಒತ್ತುವ ಕೆಲಸವನ್ನು ಯಂತ್ರಕ್ಕೆ ವಹಿಸುವ ಆಲೋಚನೆ ಮೊದಲು ಗಟ್ಟಿಯಾದದ್ದು ವಿಮಾನಗಳಲ್ಲಿ. 1950ರ ದಶಕದ ಆರಂಭದಲ್ಲಿ ಡನ್‌ಲಪ್ ಕಂಪೆನಿಯ 'ಮ್ಯಾಕ್ಸರೆಟ್' ಎಂಬ ಸಾಧನ ಒದ್ದೆ ರನ್‌ವೇಯಲ್ಲಿ ವಿಮಾನದ ಚಕ್ರ ಬಿಗಿದುಕೊಳ್ಳದಂತೆ ನೋಡಿಕೊಂಡಿತು. 1966ರಲ್ಲಿ ಅದು ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್ ಎಂಬ ಕಾರಿಗೆ ಬಂತು. ಎಲೆಕ್ಟ್ರಾನಿಕ್ ರೂಪದ ಎಬಿಎಸ್ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪೆನಿ 1978ರಲ್ಲಿ ಮರ್ಸಿಡಿಸ್ ಕಾರಿನ ಮೂಲಕ ಮಾರುಕಟ್ಟೆಗೆ ತಂದಿತು. ಬೆಂಗಳೂರಿಗೆ ಈ ಕಂಪೆನಿ ಹೊಸತಲ್ಲ. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ, ಊರಿನವರು 'ಮೈಕೋ' ಎಂದೇ ಕರೆಯುತ್ತಿದ್ದ ಕಾರ್ಖಾನೆ ಅದರ ಬಳಗದ್ದೇ. 2008ರಲ್ಲಿ ಮೈಕೋ ತನ್ನ ಹೆಸರನ್ನೂ ಬಾಷ್ ಎಂದು ಬದಲಿಸಿಕೊಂಡಿತು.

ಎಬಿಎಸ್ ಪ್ರತಿ ಚಕ್ರದ ಸುತ್ತುವ ವೇಗವನ್ನು ಗಮನಿಸುತ್ತದೆ. ಯಾವುದಾದರೂ ಚಕ್ರ ಬಿಗಿದುಕೊಳ್ಳುವ ಸೂಚನೆ ಸಿಕ್ಕೊಡನೆ ಆ ಚಕ್ರದ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಬಾರಿ ನಡೆಯುವ ಈ ಕೆಲಸವನ್ನು ಯಾವ ಚಾಲಕನ ಕಾಲೂ ಮಾಡಲಾರದು. ಭಾರತದಲ್ಲಿ 2018ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಿಗೆ, 2019ರ ಏಪ್ರಿಲ್‌ನಿಂದ ತಯಾರಾಗುವ ಎಲ್ಲ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು. 125 ಸಿಸಿ ಮೀರಿದ ಬೈಕುಗಳಿಗೂ ಇದೇ ಕ್ರಮ ಬಂತು.

ಆದ್ದರಿಂದ ಎಬಿಎಸ್ ಇರುವ ಕಾರಿನಲ್ಲಿ ಆಪತ್ತು ಎದುರಾದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಬಿಡಬಾರದು. ಜೊತೆಗೆ ಅಡ್ಡ ಬಂದದ್ದನ್ನು ತಪ್ಪಿಸಲು ಸ್ಟೀರಿಂಗ್ ತಿರುಗಿಸಬಹುದು. ಆ ಹೊತ್ತಿನಲ್ಲಿ ಪೆಡಲ್ ಕಾಲಡಿ ನಡುಗುತ್ತದೆ, ಗರಗರ ಸದ್ದು ಬರುತ್ತದೆ. ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯುವವರಿದ್ದಾರೆ. ಅದು ಯಂತ್ರ ತನ್ನ ಕೆಲಸ ಮಾಡುತ್ತಿರುವ ಸದ್ದು. ಹಳೆಯ ಪಾಠದಂತೆ ಬಿಟ್ಟು ಬಿಟ್ಟು ಒತ್ತಿದರೆ, ಬಿಟ್ಟ ಪ್ರತಿ ಕ್ಷಣವೂ ಬ್ರೇಕ್ ಇಲ್ಲದ ಕ್ಷಣವಾಗಿ ಕಾರು ಮುಂದೆ ಹೋಗುತ್ತದೆ.

1995ರಲ್ಲಿ ಇದೇ ವ್ಯವಸ್ಥೆಯ ಮುಂದುವರಿದ ರೂಪವಾಗಿ ಇಎಸ್‌ಸಿ ಅಥವಾ ಸ್ಥಿರತೆ ಕಾಯುವ ಸಾಧನ ಬಂತು. ಚಾಲಕ ಸ್ಟೀರಿಂಗಿನಲ್ಲಿ ತೋರಿಸಿದ ದಿಕ್ಕಿಗೂ ಕಾರು ಸಾಗುತ್ತಿರುವ ದಿಕ್ಕಿಗೂ ವ್ಯತ್ಯಾಸ ಕಂಡರೆ ಅದು ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಭಾರತದಲ್ಲೂ ಹಲವು ಕಾರುಗಳಲ್ಲಿ ಇದು ಇದೆ. ಇಂಥ ಕಾರಿನಲ್ಲಿ ಚಾಲಕ ಮಾಡಬೇಕಾದದ್ದು ಒಂದೇ: ಹೋಗಬೇಕಾದ ಕಡೆಗೆ ನೋಡಿ ಆ ಕಡೆಗೆ ಸ್ಟೀರಿಂಗ್ ಹಿಡಿಯುವುದು.

ಯಂತ್ರಕ್ಕೂ ಒಂದು ಮಿತಿ

ಹಾಗೆಂದು ಯಂತ್ರ ಹಿಡಿತವನ್ನು ಸೃಷ್ಟಿಸುವುದಿಲ್ಲ. ಇರುವ ಸಂಬಳವನ್ನು ಜಾಣತನದಿಂದ ಖರ್ಚು ಮಾಡುತ್ತದೆ, ಅಷ್ಟೆ. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುವುದೂ ಉಂಟು. ಟೈರು ಸವೆದು ನುಣ್ಣಗಾಗಿದ್ದರೆ ಯಾವ ಎಲೆಕ್ಟ್ರಾನಿಕ್ಸೂ ಕಾಪಾಡಲಾರದು.

ನೀರು ನಿಂತ ರಸ್ತೆಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ವೇಗ ಹೆಚ್ಚಿದಾಗ ಟೈರಿನ ಗೀರುಗಳು ನೀರನ್ನು ಹೊರಹಾಕಲಾರದೆ ಟೈರು ನೀರಿನ ಮೇಲೆ ದೋಣಿಯಂತೆ ತೇಲುತ್ತದೆ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆ ವಿಮಾನದ ಟೈರುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ಸೂತ್ರ ಹೊರಬಿತ್ತು. ತೇಲುವ ವೇಗ ಟೈರಿನೊಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಆ ಸೂತ್ರದಂತೆ 32 ಪೌಂಡ್ ಗಾಳಿ ಇರುವ ಟೈರು ಗಂಟೆಗೆ ಸುಮಾರು 94 ಕಿಲೋಮೀಟರ್ ವೇಗದಲ್ಲಿ ತೇಲಬಹುದು. ಗಾಳಿ 24 ಪೌಂಡಿಗೆ ಇಳಿದಿದ್ದರೆ ಸುಮಾರು 82ಕ್ಕೇ ತೇಲಬಹುದು. ಟೈರು ಸವೆದಷ್ಟೂ ಅಪಾಯ ಹೆಚ್ಚು.

ಚಾಮರಾಜಪೇಟೆಯ ಅಂಚಿನಲ್ಲಿ ಹೊರಡುವ ಮೈಸೂರು ರಸ್ತೆ ಮುಂದೆ 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯನ್ನು ಸೇರುತ್ತದೆ. ಊರೊಳಗೆ 30ರ ವೇಗದಲ್ಲಿ ತೆವಳುತ್ತಿದ್ದ ಕಾರು ಅಲ್ಲಿ ಕೆಲವೇ ನಿಮಿಷಗಳಲ್ಲಿ 90 ದಾಟಬಲ್ಲದು. ಮಳೆಗಾಲದಲ್ಲಿ ನಾಸಾದ ಲೆಕ್ಕ ಆಗ ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. ಕಾರು ತೇಲುತ್ತಿದೆ ಎನಿಸಿದರೆ ಬ್ರೇಕ್ ಒತ್ತದೆ, ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು ಚಕ್ರ ನೆಲ ಮುಟ್ಟುವವರೆಗೆ ಕಾಯಬೇಕು. ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕೆಂಬ ನಿಯಮಕ್ಕೆ ಕಾರಣ ಇದೇ ನೀರು. ಗೀರುಗಳ ನಡುವೆ ಇರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ಟೈರು ಸವೆದಿದ್ದರೆ ಅದನ್ನು ಬದಲಿಸುವ ಕಾಲ ಬಂದಿದೆ ಎಂದರ್ಥ.

ಉಳಿಯುವ ಪಾಠ

ಹಾಗಾದರೆ ತಂದೆಯ ಪಾಠವೆಲ್ಲ ಹಳತಾಯಿತೇ? ಇಲ್ಲ. ಅದರಲ್ಲಿ ಕಾಲಿನ ಪಾಠ ಹಳತಾಗಿದೆ, ಕಣ್ಣಿನ ಪಾಠ ಹಳತಾಗಿಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸುವುದು, ಮುಂದಿನ ಕಾರಿನಿಂದ ದೂರ ಇರುವುದು, ಒದ್ದೆ ರಸ್ತೆಯ ಹೊಳಪನ್ನು, ಉದುರಿದ ಎಲೆಯನ್ನು, ಕಾಮಗಾರಿಯ ಕೆಸರನ್ನು ದೂರದಿಂದಲೇ ಗುರುತಿಸುವುದು, ಜಾರಿದಾಗ ಗುದ್ದುವ ಮರದ ಕಡೆ ನೋಡದೆ ತಪ್ಪಿಸಿಕೊಳ್ಳುವ ದಾರಿಯ ಕಡೆ ನೋಡುವುದು, ಕೈಕಾಲುಗಳನ್ನು ಎಳೆದಾಡದೆ ಮೆದುವಾಗಿ ಬಳಸುವುದು, ಇವು ಜಟಕಾದವನಿಗೂ ಗೊತ್ತಿದ್ದ ಸಂಗತಿಗಳು. ಯಾವ ಕಾರು ಬಂದರೂ ಇವು ಬದಲಾಗುವುದಿಲ್ಲ.

ಇದು ಕಾರಿನೊಳಗೆ ಕುಳಿತವರ ಕ್ಷೇಮದ ಪ್ರಶ್ನೆ ಮಾತ್ರವಲ್ಲ. ಈ ಹಳೆಯ ಬಡಾವಣೆಗಳ ರಸ್ತೆಗಳಲ್ಲಿ ಬೆಳಗಿನ ನಡಿಗೆಗೆ ಹೊರಟ ಹಿರಿಯರು, ಶಾಲೆಯ ಮಕ್ಕಳು, ಸ್ಕೂಟರಿನವರು, ತಳ್ಳುಗಾಡಿಯವರು ಇದ್ದಾರೆ. ಕಾರಿನವನು ಸೀಟ್ ಬೆಲ್ಟ್ ಹಾಕಿಕೊಂಡು ಜಾರುತ್ತಾನೆ. ಎದುರಿನವರಿಗೆ ಆ ರಕ್ಷಣೆಯೂ ಇಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ತಂದೆ ಮಗಳು ಕಾರಿನ ಬಳಿ ನಿಂತು ಮಾತಾಡಿಕೊಳ್ಳುವುದು ಒಳ್ಳೆಯದು. ಈ ಕಾರು ಎಳೆಯುವುದು ಯಾವ ಚಕ್ರದಿಂದ? ಎಬಿಎಸ್ ಇದೆಯೇ? ಟೈರು ಎಷ್ಟು ಸವೆದಿದೆ? ಗಾಳಿ ಎಷ್ಟಿದೆ? ಪೆಡಲ್ ಹೇಗೆ ಒತ್ತಬೇಕೆಂಬುದನ್ನು ಮಗಳು ತಂದೆಗೆ ಹೇಳಲಿ. ರಸ್ತೆಯನ್ನು ಹೇಗೆ ಓದಬೇಕೆಂಬುದನ್ನು ತಂದೆ ಮಗಳಿಗೆ ಹೇಳಲಿ. ನಿಧಾನವೇ ಪ್ರಧಾನ ಎಂಬ ಮಾತಿಗೆ ಮಾತ್ರ ಇಬ್ಬರೂ ಒಪ್ಪುವುದು ಕಷ್ಟವಾಗಲಾರದು.